ಕಾರ್ತೇಜ್ ಓದಿಸಿದ ಸೆನ್ಸೆ

ಓದುವಾಗ ಅವರ ಕೆಳತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಬೆನ್ನು ಬಾಗಿ, ಗಲ್ಲ ಪುಸ್ತಕಕ್ಕೆ ತಾಗುವಷ್ಟು ಹತ್ತಿರವಿರುತ್ತಿತ್ತು. ಯಾರಾದರೂ ಕರೆದರೆ ತಲೆ ಎತ್ತದೆ ಕಣ್ಣು ಮಾತ್ರ ಎತ್ತುತ್ತಿದ್ದರು. ನಾವೆಲ್ಲ ಅವರನ್ನು ಸೆನ್ಸೆ ಎನ್ನುತ್ತಿದ್ದೆವು. ಜಪಾನಿನಲ್ಲಿ ಗುರುಗಳನ್ನು ಕರೆಯುವುದೇ ಹಾಗೆ.

ನಾನು ಗಂಡನ ಕೆಲಸದಿಂದಾಗಿ ಕೋಬೆಗೆ ಬಂದವಳು. ಮೈಸೂರಿನಲ್ಲಿ ಇತಿಹಾಸದಲ್ಲಿ ಮಾಡಿದ್ದ ಎಂ.ಎ. ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಶನಿವಾರಗಳಂದು ಮನೆಯಲ್ಲೇ ಇಂಗ್ಲಿಷಿನಲ್ಲಿ ಪ್ರಾಚೀನ ಇತಿಹಾಸದ ಪಾಠ ಹೇಳುತ್ತಾರೆಂದು ತಿಳಿದು, ಗುಡ್ಡದ ಇಳಿಜಾರಿನ ಆ ಮನೆಗೆ ಹೋದೆ. ಅವರೇ ಸೆನ್ಸೆ.

ಆಫ್ರಿಕಾದ ಉತ್ತರ ತೀರದ ವರ್ತಕರ ಊರು ಕಾರ್ತೇಜ್, ಎರಡೂವರೆ ಸಾವಿರ ವರ್ಷಗಳ ಹಿಂದೆ ಮೊದಮೊದಲು ಹಡಗು ಕಟ್ಟಿಕೊಂಡು ಸಾರ್ಡೀನಿಯ, ಸಿಸಿಲಿ ದ್ವೀಪಗಳ ಮೇಲೆ ಯುದ್ಧಕ್ಕೆ ಹೋದ ಕಾಲವೇ ಸೆನ್ಸೆಯ ಜೀವಮಾನದ ಅಧ್ಯಯನ. ಆ ಪಡೆಗಳಲ್ಲಿ ಲಿಬಿಯಾದವರು, ಸ್ಪೇನಿನವರು, ಸಂಬಳಕ್ಕೆ ಬಂದ ನಾನಾ ಭಾಷೆಯ ಸೈನಿಕರು. ಕಾರ್ತೇಜಿನವರು ಬರೆದದ್ದೆಲ್ಲ ನಾಶವಾಗಿ, ಉಳಿದಿರುವುದು ಶತ್ರುಗಳು ಬರೆದದ್ದು ಮಾತ್ರ. ಹಾಗಾಗಿ ನಾವು ಏನೇ ಹೇಳಿದರೂ ಸೆನ್ಸೆ ಕೇಳುತ್ತಿದ್ದುದು ಒಂದೇ: “ಇದನ್ನು ಬರೆದವರು ಯಾರು?”

ಗಡಿಗಳೆಲ್ಲ ಮುಚ್ಚಿದ್ದ ಸೋಂಕಿನ ಕಾಲದಲ್ಲಿ ಮೈಸೂರಿನಲ್ಲಿ ಅಪ್ಪ ಹೋದರು. ವಿಮಾನ ಇರಲಿಲ್ಲ. ನನ್ನ ತಮ್ಮ ಫೋನನ್ನು ಚಿತೆಯ ಕಡೆ ಹಿಡಿದು, “ಅಕ್ಕಾ, ಕಾಣಿಸ್ತಿದ್ಯಾ? ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ” ಎಂದು ಕೂಗುತ್ತಿದ್ದ. ಕಾಣಿಸುತ್ತಿತ್ತು. ಏನೂ ಅನ್ನಿಸಲಿಲ್ಲ. ಎಷ್ಟೋ ದಿನ ಹಾಗೇ ಇದ್ದೆ. “ಒಂದ್ಸಲ ಅತ್ಬಿಡೇ, ನನಗೆ ಭಯ ಆಗ್ತಿದೆ” ಎಂದ ನನ್ನ ಗಂಡ. ಅಳು ಬರಲಿಲ್ಲ.

ಮತ್ತೆ ಪಾಠಕ್ಕೆ ಹೋದ ದಿನ ನಾನೊಬ್ಬಳೇ ಇದ್ದೆ. ಅಪ್ಪ ಹೋದದ್ದನ್ನೂ ನನಗೆ ಅಳು ಬಾರದ್ದನ್ನೂ ಸೆನ್ಸೆಗೆ ಹೇಳಿದೆ. ಹಿಮೇರಾ ಯುದ್ಧದ ಭಾಗ ಬಂದಿತ್ತು. ಸಿಸಿಲಿಗೆ ಹೋದ ಕಾರ್ತೇಜಿನ ದೊಡ್ಡ ಪಡೆ ಸೋತು, ಹಡಗುಗಳು ಸುಟ್ಟು, ಸಣ್ಣ ದೋಣಿಯೊಂದರಲ್ಲಿ ಕೆಲವರಷ್ಟೇ ಊರು ಮುಟ್ಟಿ, ಹೋದವರೆಲ್ಲ ಸತ್ತರೆಂದು ತಿಳಿಸುತ್ತಾರೆ. ಅಲ್ಲಿಗೆ ಬಂದಾಗ ಸೆನ್ಸೆಯ ತುಟಿ ನಿಂತಿತು.

“ನನ್ನ ತಂದೆಯೂ ಹಡಗಿನಲ್ಲಿ ಹೋದವರು,” ಎಂದರು. “ಮಹಾಯುದ್ಧದ ಕಾಲದಲ್ಲಿ, ದಕ್ಷಿಣದ ಒಂದು ದ್ವೀಪಕ್ಕೆ. ನಾನಾಗ ಕೂಸು. ವಾಪಸ್ ಬಂದದ್ದು ಬಿಳಿ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ. ಒಳಗೆ ಮೂಳೆ ಇರಲಿಲ್ಲ, ದೇಹ ಸಿಗದವರಿಗೆ ಇಡುವ ಕಲ್ಲು ಇತ್ತು. ಕಲ್ಲಿನ ಮುಂದೆ ಹೇಗೆ ಅಳಲಿ ಅಂತ ಅಮ್ಮ ಅಳಲೇ ಇಲ್ಲವಂತೆ. ದಿನಾ ಅದರ ಮುಂದೆ ಅನ್ನ ಇಡುತ್ತಿದ್ದಳು.”

ಸೆನ್ಸೆ ಪುಟದಂಚನ್ನು ಬೆರಳಿನಿಂದ ಸರಿಮಾಡಿ ಮುಂದುವರಿಸಿದರು.

“ತಂದೆ ಅಲ್ಲಿಗೆ ಹೋದದ್ದು ಬೇರೆಯವರ ನೆಲ ಗೆಲ್ಲಲು. ಆ ದ್ವೀಪದವರು ಬರೆದದ್ದನ್ನೂ ಓದಿದ್ದೇನೆ. ಓದಿದ ಮೇಲೂ ಅವರು ನನ್ನ ತಂದೆಯೇ.” ಆಮೇಲೆ ಕಣ್ಣು ಮಾತ್ರ ಎತ್ತಿ ನನ್ನನ್ನು ನೋಡಿದರು. “ಅಳು ಬಾರದಿದ್ದರೆ ತಪ್ಪೇನಿಲ್ಲ. ಮುಂದಿನ ವಾಕ್ಯ ಓದಿ.”

ಓದಿದೆ. ಪ್ರತಿ ಶನಿವಾರ ಹೋಗಿ ಓದಿದೆ. ಆ ವರ್ಷ ನಾನು ಎದ್ದು ಓಡಾಡಿಕೊಂಡಿದ್ದರೆ ಅದರಿಂದಲೇ.

ಹೋದ ಚಳಿಗಾಲದಲ್ಲಿ ಸೆನ್ಸೆ ತೀರಿಕೊಂಡರು. ಮದುವೆಯಾಗಿರಲಿಲ್ಲ, ಇದ್ದವಳು ಅವರ ಅಕ್ಕನ ಮಗಳು ಒಬ್ಬಳೇ. ಇಲ್ಲಿ ದಹನವಾದ ಮೇಲೆ ಹತ್ತಿರದವರು ಇಬ್ಬಿಬ್ಬರಾಗಿ ಉದ್ದನೆಯ ಜೋಡಿ ಕಡ್ಡಿಗಳಲ್ಲಿ ಮೂಳೆ ಎತ್ತಿ ಕುಡಿಕೆಗೆ ಹಾಕುತ್ತಾರೆ. ಹಿಂದೆ ನಿಂತಿದ್ದ ನನ್ನ ಕಡೆ ಅವಳು ಕಡ್ಡಿ ಚಾಚಿ, “ನೀವೂ ಬನ್ನಿ, ದಯವಿಟ್ಟು” ಎಂದಳು.

ಕಾಲಿನ ಕಡೆಯಿಂದ ಶುರು ಮಾಡಿದೆವು. ಮೂಳೆಗಳಿದ್ದ ತಟ್ಟೆಯಿಂದ ಇನ್ನೂ ಬಿಸಿ ಏಳುತ್ತಿತ್ತು. ಅಪ್ಪನಿಗೆ ನಾನು ಮಾಡಲಾಗದ ಕೆಲಸ ಅದು. ಒಂದೊಂದೇ ಎತ್ತಿ, ಬೀಳಿಸದೆ ಒಳಗಿಟ್ಟೆ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಾಗ ಅಳು ಬಂತು. ಜೋರಾಗಿಯೇ ಅತ್ತೆ. ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಏನೂ ಕೇಳದೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.