ದುರ್ಯೋಧನನ ನಡತೆ

ಎಪ್ಪತ್ತರ ದಶಕದಲ್ಲಿ ಚನ್ನಗಿರಿಯ ತಾಲ್ಲೂಕು ಕಚೇರಿ ಎದುರು ನಾನು ಟೈಪ್ ಹೊಡೆಯುತ್ತಿದ್ದಾಗ ಕತ್ತಲಗೆರೆಯ ಮಾಜಿ ಸಿಪಾಯಿಯೊಬ್ಬರು ಬರುತ್ತಿದ್ದರು. ಕುರ್ಚಿ ಕೊಟ್ಟರೂ ಕೂರದೆ ಟೈಪ್‌ರೈಟರಿನ ಮುಂದೆ ಅಟೆನ್ಷನ್ನಿನಲ್ಲಿ ನಿಲ್ಲುವರು. ಪ್ರತಿ ಸಾಲಿಗೂ “ಇದ್ದದ್ದು ಇದ್ದಂಗೆ ಹೊಡೀರಿ” ಎನ್ನುವರು.

ಸೈನ್ಯದ ಬಿಡುಗಡೆ ಪತ್ರದಲ್ಲಿ ಅವರ ನಡತೆ ‘ಸಾಧಾರಣ’ ಎಂದಿತ್ತು. ಅದನ್ನು ತಿದ್ದಿಸದೆ ಬ್ಯಾಂಕಿನ ಕಾವಲು ಕೆಲಸ ಸಿಗುವಂತಿರಲಿಲ್ಲ. ಅವರ ತಪ್ಪು ಇಷ್ಟೇ. ರಜೆಗೆ ಊರಿಗೆ ಬಂದಾಗ ಮಳೆಯಿಂದ ಊರವರ ನಾಟಕ ಮುಂದೆ ಹೋಯಿತು. ದುರ್ಯೋಧನನ ಪಾರ್ಟು ಬರುತ್ತಿದ್ದದ್ದು ಇವರೊಬ್ಬರಿಗೇ. ಆಡಿ ಮುಗಿಸಿಯೇ, ರಜೆ ಮೀರಿ ತಡವಾಗಿ ರೈಲು ಹತ್ತಿದರು.

“ಜ್ವರ ಬಂದಿತ್ತು ಅಂತ ಹಾಕೋಣ್ವಾ?” ಎಂದೆ.

“ಸುಳ್ಳು ಬರೆಸಿ ಒಳ್ಳೆ ನಡತೆ ಕೇಳಾಕೆ ಆಗ್ತೈತೇನ್ರೀ? ಇದ್ದದ್ದು ಇದ್ದಂಗೆ ಹೊಡೀರಿ.”

ಅರ್ಜಿಯನ್ನು ಹಾಗೇ ಹೊಡೆದೆ. ಸಾಕ್ಷಿಗೆ ರುಜು ಹಾಕಿದ್ದು ಭೀಮನ ಪಾರ್ಟಿನವನು, ರಂಗದ ಮೇಲೆ ಇವರ ತೊಡೆ ಮುರಿದವನೇ! ಓದಿದ ಸೈನ್ಯದ ಅಧಿಕಾರಿ ನಕ್ಕಿರಬೇಕು. ಕೊನೆಗೂ ‘ಉತ್ತಮ’ ಎಂದು ತಿದ್ದಿದ ಪತ್ರ ಬಂತು, ಕೆಲಸವೂ ಸಿಕ್ಕಿತು.

ಪೇಡ ಹಂಚಲು ಬಂದವರು ಆಗಲೂ ಕೂರಲಿಲ್ಲ. ಊರವರು ಖುಷಿಗೆ ಈ ಸಲ ಧರ್ಮರಾಯನ ಪಾರ್ಟು ಕೊಡಲು ಬಂದಿದ್ದರಂತೆ.

“ಬ್ಯಾಡ ಅಂದೆ. ಧರ್ಮರಾಯ ಒಂದು ಸುಳ್ಳು ಹೇಳ್ಯಾನ್ರೀ. ನನ್ನ ಕಾಗದ ಈಗ ತಾನೇ ಸರಿಯಾಗೈತೆ. ನಂಗೆ ದುರ್ಯೋಧನನೇ ಇರ್ಲಿ.”