ಕಂಬಾರನ ಸಾಕ್ಷಿ

ಬಸವಕಲ್ಯಾಣದ ಕೋರ್ಟಿನಲ್ಲಿ ಒಂದು ಕೊಲೆ ಕೇಸು. ಹೆಣದ ಬಳಿ ಸಿಕ್ಕ ಕುಡುಗೋಲನ್ನು ಪೊಲೀಸರು ಜಪ್ತಿ ಮಾಡಿದಾಗ ಪಂಚ ಸಾಕ್ಷಿಯಾಗಿ ಸಹಿ ಹಾಕಿದವನು ನಾನು. ಹೊಡೆದದ್ದನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಕಟಕಟೆಯಲ್ಲಿ ನಿಂತ ಆ ಕೂಲಿಯವನೇ ಕೊಂದವನೆಂದು ನನಗೆ ಖಾತ್ರಿಯಿತ್ತು.

ನನ್ನ ಬಳಿಕ ಘಾಟಬೋರಾಳದ ಕಂಬಾರ ಮೋನಪ್ಪ ಸಾಕ್ಷಿ ಹೇಳಲು ಬಂದ. ಸತ್ತವನು ಅವನ ಮಗಳ ಗಂಡ.

"ಈ ಕುಡುಗೋಲು ನೀನು ಆರೋಪಿಗೆ ಮಾಡಿಕೊಟ್ಟದ್ದು, ಹೌದಲ್ಲ?" ಎಂದರು ಸರ್ಕಾರಿ ವಕೀಲರು.

"ನಾನೇ ಬಡದದ್ದರಿ. ಆದ್ರ ಆ ಸುಗ್ಗಿಗೆ ಇಂಥವೇ ಹನ್ನೆರಡು ಬಡದೀನಿ. ಅಂವಗೂ ಒಂದು ಕೊಟ್ಟೀನಿ. ಇದು ಯಾರದಂತ ಹ್ಯಾಂಗ ಹೇಳ್ಲಿ?"

ವಕೀಲರು ಗದರಿಸಿದರು. ಅವನು ಮಾತು ಬದಲಿಸಲಿಲ್ಲ.

ಊರಿಗೆ ಮರಳುವಾಗ ಹುಮನಾಬಾದಿನ ಬಸ್ಸಿನಲ್ಲಿ ನಾನೇ ಅವನನ್ನು ಬೈದೆ. "ಮಗಳ ಕುಂಕುಮ ಅಳಿಸಿ ಹೋಯ್ತು. 'ಅಂವಂದೇ' ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ?"

"ಅಂವನೇ ಇರಬಹುದ್ರಿ, ಮಾಸ್ತರ. ನನ್ನ ಮಗಳೂ ಹಂಗೇ ಅಂತಾಳ. ಆದ್ರ ಇನ್ನೂ ಹನ್ನೊಂದು ಮಂದಿ ಮನ್ಯಾಗ ಅದೇ ಕುಡುಗೋಲು ಅದ. ಜಲ್ಮಾ ಪೂರ್ತಿ ಜೈಲಿಗೆ ಹೋಗಾಂವ ನಾನಲ್ಲಲ್ಲ, ಅಂವ."

ಬೇರೆ ಪುರಾವೆ ಇಲ್ಲದೆ ಆರೋಪಿ ಬಿಡುಗಡೆಯಾದ. ಅವನೇ ಕೊಂದನೆಂದು ನನಗೆ ಈಗಲೂ ಅನಿಸುತ್ತದೆ. ಆದರೆ ನಾಳೆ ನನ್ನ ಮೇಲೊಂದು ಕೇಸು ಬಂದರೆ, ಸಾಕ್ಷಿಗೆ ಮೋನಪ್ಪ ಬರಲಿ. ನನ್ನಂಥವನು ಬೇಡ.