ಸುಂಡಿಲಿಯ ಮೂಗು

ನಾತ ಎಂಬ ಮಾತನ್ನು ನಮ್ಮ ಅಮ್ಮಮ್ಮ, ಅಂದರೆ ತಾಯಿಯ ತಾಯಿ, ಕಂಡಕಂಡದ್ದಕ್ಕೆಲ್ಲ ಹೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಒಣಗದ ಸೀರೆಗೆ ಮುಗ್ಗಲು, ಹಳೆಯ ಎಣ್ಣೆಗೆ ಕಮಟು, ಕೊಟ್ಟಿಗೆಗೆ ಬರೀ ವಾಸನೆ. ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವ ಬೈಗೆ ಮೀನಿನದ್ದಂತೂ ಅವಳ ಲೆಕ್ಕದಲ್ಲಿ ನಾತವೇ ಅಲ್ಲ, ಒಳ್ಳೆಯ ಗೊಬ್ಬರದ ಗಾಳಿ. ನಾತ ಎಂಬುದು ಸುಂಡಿಲಿಗೆ ಮೀಸಲು. ಗೋಡೆಯಂಚಿನಲ್ಲಿ ಚಿಂವ್ ಚಿಂವ್ ಎನ್ನುತ್ತ, ಉದ್ದ ಮೂಗನ್ನು ಮೇಲೆತ್ತಿ ಊರವರದ್ದನ್ನೆಲ್ಲ ಮೂಸುತ್ತ ಹೋಗುವ ಆ ಪ್ರಾಣಿ ದಾಟಿದ ಅಕ್ಕಿಮುಡಿಯ ಹತ್ತಿರ ಎರಡು ದಿನ ನಿಲ್ಲುವ ಹಾಗಿರಲಿಲ್ಲ.

"ಅದ್ಕ್ ಮಾತ್ರ ಅದ್ರ ನಾತ ಗೊತ್ತಾಪ್ದಿಲ್ಲೆ ಕಾಣ್" ಎನ್ನುತ್ತಿದ್ದಳು.

ಬೊಂಬಾಯಿಯಲ್ಲಿ ಹೋಟೆಲು ಇಟ್ಟ ಮನೆಯವರು ಅಕ್ಕನನ್ನು ನೋಡಲು ಕಿರಿಮಂಜೇಶ್ವರದ ನಮ್ಮ ಮನೆಗೆ ಬರುವ ದಿನವೇ ದೋಣಿಗಳಿಗೆ ಬೈಗೆ ರಾಶಿ ಬಿತ್ತು. ಹಾಗೆ ಬಿದ್ದಾಗ ತಿಂದು ಮಿಕ್ಕಿದ್ದೆಲ್ಲ ತೆಂಗಿನ ಬುಡಕ್ಕೇ. ಅಕ್ಕನಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ಏನು ಗತಿ ಎಂದು ಅಮ್ಮ ಗೋಗರೆದಳು.

"ಇವತ್ತೊಂದಿನ ಬ್ಯಾಡ ಅಮ್ಮ."

"ಬಪ್ಪವ್ರ್ ಕಾಯ್ತ್ರ್, ಮೀನ್ ಕಾಯತ್ತಾ?" ಎಂದಳು ಅಮ್ಮಮ್ಮ.

ಅಕ್ಕನೇ ಸೆರಗು ಸಿಕ್ಕಿಸಿ ಬುಟ್ಟಿ ಬುಟ್ಟಿ ಮೀನು ಹೂತಳು. ಆಮೇಲೆ ಮಿಂದು, ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದಳು.

ಬಂದವರಲ್ಲಿ ಹುಡುಗ ತಲೆ ಎತ್ತಲಿಲ್ಲ. ಮಾತೆಲ್ಲ ಅವನ ಸೋದರಮಾವನದ್ದು. ಬಿಳಿ ಪ್ಯಾಂಟು, ಕೈಯಲ್ಲಿ ಚರ್ಮದ ಚೀಲ, ಅಂಗಳಕ್ಕೆ ಕಾಲಿಡುವ ಮೊದಲೇ ಮೂಗಿಗೆ ಕರವಸ್ತ್ರ.

"ಎಂತ ನಾತ ಮಾರಾಯ್ರೆ! ಇದ್ರಂಗೆ ಹ್ಯಾಂಗ್ ಉಸ್ರ್ ತೆಗಿತ್ರಿ? ನಮ್ಮ ಬೊಂಬಾಯಂಗಾರೆ ಚಾಳಿನವ್ರ್ ಪೊಲೀಸ್ರನ್ನ ಕರಿತ್ರ್."

ಇದೇ ಮಹಾಶಯರ ಹಳೆಯ ಮನೆ ನಮ್ಮಿಂದ ಎರಡು ಹರದಾರಿಯೂ ಇರಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಗಾಳಿಯಲ್ಲಿ.

"ನಿಮ್ಗೆ ಮೂಗಿತ್ ಅಂತ ಗೊತ್ತಾಯ್ತ್, ಕೂಕಣಿ" ಎಂದು ಅಮ್ಮಮ್ಮ ಕೂರಲು ಚಾಪೆ ತೋರಿಸಿದಳು.

ಕಾಫಿ ಮುಗಿಯಿತು. ಮಾವಯ್ಯ ಚೀಲದ ಬಾಯಿ ತೆರೆದು ಎರಡು ಗಂಧದ ಸಾಬೂನು ತೆಗೆದು, ಎಲ್ಲರೆದುರು ಅಕ್ಕನ ಮುಂದಿಟ್ಟರು.

"ಹೆಣ್ಣ್ ಅಡ್ಡಿಲ್ಲ. ಆರೆ ಮದ್ವಿ ತನ್ಕ ಗೊಬ್ಬರ ಗಿಬ್ಬರ ಮುಟ್ಟುಕಾಗ. ದಿನಾ ಎರಡ್ ಸಲ ಈ ಸಾಬೂನ್ ಹಾಕಿ ಮೀಸಿ. ಈ ನಾತ ತಕಂಡ್ ಬೊಂಬಾಯಿಗೆ ಬಂದ್ರೆ ನಮ್ಮ ಮರ್ಯಾದಿ ಹೋತ್ತ್."

ಅಕ್ಕನ ಮುಖ ಕೆಂಪಾಯಿತು. ಅಮ್ಮ ಮಾತ್ರ, "ಆಯ್ತ್, ಆಯ್ತ್" ಎನ್ನುತ್ತ ಸಾಬೂನು ಎತ್ತಿಕೊಂಡೇಬಿಟ್ಟಳು.

ಅಷ್ಟರಲ್ಲಿ ನಮ್ಮ ಬೆಕ್ಕು, ತೋಟದ ತುಂಬ ಮೀನಿದ್ದರೂ ಅದನ್ನು ಬಿಟ್ಟು, ಆ ಚರ್ಮದ ಚೀಲದೊಳಗೆ ತಲೆ ಹಾಕಿತ್ತು. ಕಾಗದದ ಒಂದು ದೊಡ್ಡ ಕಟ್ಟನ್ನು ಕಚ್ಚಿ ಎಳೆಯಿತು. ಕಟ್ಟು ಹರಿದು ಜಗಲಿಯ ತುಂಬ ಒಣಗಿಸಿದ ಸಿಗಡಿ.

"ಹ್ವಾಯ್! ಬೊಂಬಾಯಿಗೆ ತಕಂಡ್ ಹೋಪು ಚಟ್ಲಿ ಅದ್! ಓಡ್ಸಿ, ಓಡ್ಸಿ!"

ಬಿಳಿ ಪ್ಯಾಂಟಿನ ಮಾವಯ್ಯ ಮಂಡಿಯೂರಿ, ಮೂಗಿಗೆ ಹಿಡಿದಿದ್ದ ಅದೇ ಕರವಸ್ತ್ರ ಹಾಸಿ, ಒಂದೊಂದೇ ಸಿಗಡಿ ಹೆಕ್ಕತೊಡಗಿದರು. ಅಲ್ಲಿ ಬಾಗಿಲು ಹಾಕಿಕೊಂಡು ಅದನ್ನೇ ಹುರಿದು ಗಂಜಿಗೆ ನೆಂಚಿಕೊಳ್ಳುವವರು ಇಲ್ಲಿ ಬಂದು ನಮಗೆ ಸಾಬೂನು ಹಂಚುತ್ತಿದ್ದರು!

ಅಕ್ಕ ಅಮ್ಮನ ಕೈಯಿಂದ ಸಾಬೂನು ತೆಗೆದುಕೊಂಡು ಚೀಲದೊಳಗೆ ಹಾಕಿದಳು.

"ಇದ್ ನಿಮ್ಮ ಚೀಲ್ಕೇ ಇರ್ಲಿ ಮಾವಯ್ಯ. ನಾನ್ ಬತ್ತಿಲ್ಲೆ."

ಹುಡುಗ ಆಗ ಮೊದಲ ಬಾರಿ ತಲೆ ಎತ್ತಿ ನೋಡಿದ. ನೋಡಿ ಏನು ಬಂತು? ಮಾವ ಎದ್ದೊಡನೆ ತಾನೂ ಎದ್ದ.

ಅವರು ಗದ್ದೆಯಂಚು ದಾಟಿದರು. ಅಮ್ಮ ಕಂಬಕ್ಕೊರಗಿ ಅಳುತ್ತಿದ್ದಳು. ಅಮ್ಮಮ್ಮ ಕಾಲಬುಡದಲ್ಲಿ ಉಳಿದಿದ್ದ ಒಂದು ಸಿಗಡಿಯನ್ನು ಬೆಕ್ಕಿಗೆ ಎಸೆದಳು.

"ಅಳುದ್ ಎಂತಕ್ಕೆ? ಸುಂಡಿಲಿ ಬಂತ್, ಹೋಯ್ತ್. ಮಗಾ, ಕಿಟ್ಕಿ ಬಾಗ್ಲೆಲ್ಲ ತೆಗಿ. ನಾತ ಹೋಯ್ಲಿ."

ಅಕ್ಕ ತೆಗೆದಳು. ತೋಟದ ಕಡೆಯಿಂದ ಬೈಗೆಯ ಗಾಳಿ ಮನೆ ತುಂಬ ಬಂತು.